ಎರಡು ಲೈನಿನ ಗೇಟ್‌ವೇ ಮತ್ತು ನಮ್ಮ ಸೋಮಶೇಖರ್ ಅವರು

ಸಾಲಿಗ್ರಾಮ, ಭೇರ್ಯ, ಕೆ.ಆರ್. ನಗರದ ಸುತ್ತಿನ ಹಳ್ಳಿಗಳಲ್ಲಿ ಕಳೆದ ಮೂರು ದಶಕಗಳಲ್ಲಿ ವಿಜ್ಞಾನ ಓದಿದವರನ್ನು ಕೇಳಿ ನೋಡಿದರೆ, ಭೌತಶಾಸ್ತ್ರವೆಂದ ಕೂಡಲೇ ಅವರು ನೆನೆಯುವ ಹೆಸರು ಶ್ರೀ ಸೋಮಶೇಖರ್ ಅವರದು. ಸೂತ್ರಗಳನ್ನು ಬಾಯಿಪಾಠ ಮಾಡಿಸುವುದನ್ನೇ ಪಾಠವೆಂದು ತಿಳಿದಿದ್ದ ಕಾಲದಲ್ಲಿ ಪ್ರಯೋಗಾಲಯದ ಬಾಗಿಲನ್ನು ದಿನವೂ ತೆರೆದಿಟ್ಟವರು ಅವರು. ಗ್ರಾಮೀಣ ಕಾಲೇಜಿಗೆ ಇಷ್ಟು ಸಾಕೆಂದು ಆಡಳಿತ ಮಂಡಳಿ ಕೈಕಟ್ಟಿ ಕುಳಿತಾಗ, ಸಾಲದು ಎಂದು ವಿನಯದಿಂದಲೇ ಹೇಳಿ ಪಡೆದುಕೊಂಡವರೂ ಅವರೇ. ಅವರ ಬೋಧನೆಯ ಬಗ್ಗೆ ಅಧಿಕಾರವಾಣಿಯಿಂದ ಬರೆಯಬಲ್ಲ ಶಿಷ್ಯರು ಈ ಅಭಿನಂದನ ಸಂಪುಟದಲ್ಲಿ ಹಲವರಿದ್ದಾರೆ. ಹೀಗಿರುವಾಗ ಕಾಲೇಜಿನ ಇಂಟರ್ನೆಟ್ಟಿನ ಪ್ರಕರಣವನ್ನು ಬರೆಯುವ ಹೊಣೆಯನ್ನು ಸಂಪಾದಕರು ಕನ್ನಡ ಕಲಿಸುವ ನನಗೆ ಒಪ್ಪಿಸಿದ್ದು ಏಕೆಂದು ನನಗೆ ಸರಿಯಾಗಿ ತಿಳಿದಿಲ್ಲ. ಆ ದಿನ ನಾನು ಅಲ್ಲೇ ಇದ್ದೆ ಎಂಬುದೊಂದೇ ಕಾರಣವಿದ್ದೀತು. ಕಂಡದ್ದನ್ನು ಕಂಡಂತೆ ಬರೆಯುತ್ತೇನೆ; ತಿಳಿಯದ್ದನ್ನು ತಿಳಿದಿಲ್ಲವೆಂದೇ ಬರೆಯುತ್ತೇನೆ.

ಭೇರ್ಯದ ಸಮೀಪದ ಒಕ್ಕಲು ಮನೆತನದಲ್ಲಿ ಹುಟ್ಟಿದ ಸೋಮಶೇಖರ್ ಅವರು ಮೈಸೂರಿನಲ್ಲಿ ಎಂ.ಎಸ್ಸಿ. ಮುಗಿಸಿ ನೇರವಾಗಿ ಸಾಲಿಗ್ರಾಮದ ನಮ್ಮ ಕಾಲೇಜಿಗೆ ಬಂದವರು. ಪದವಿಪೂರ್ವ ತರಗತಿಗಳೂ ಪದವಿ ತರಗತಿಗಳೂ ಒಂದೇ ಕಾಂಪೌಂಡಿನೊಳಗೆ ನಡೆಯುವ ಸಂಸ್ಥೆ ನಮ್ಮದು. ನಾನು ಸೇರುವ ಹೊತ್ತಿಗೆ ಅವರು ಹಿರಿಯರಾಗಿದ್ದರು. ನನ್ನ ಹೆರಿಗೆ ರಜೆಯ ಕಾಲದಲ್ಲಿ ಬದಲಿ ಅಧ್ಯಾಪಕರು ಸಿಗದೆ ಕನ್ನಡದ ಪೀರಿಯಡ್ಡುಗಳು ಖಾಲಿ ಬಿದ್ದಾಗ, ಯಾರೂ ಕೇಳದೆಯೇ ಅವರು ಆ ತರಗತಿಗಳಿಗೆ ಹೋಗಿ ಕುಳಿತರು. ಪಾಠ ಮಾಡಲಿಲ್ಲ. ಹಳಗನ್ನಡದ ಪದ್ಯಗಳನ್ನು ಹುಡುಗರಿಂದ ಗಟ್ಟಿಯಾಗಿ ಓದಿಸಿ, ನನಗಂತೂ ತಿಳಿಯಲಿಲ್ಲ, ನಿಮಗೆ ತಿಳಿದಷ್ಟು ಹೇಳಿ ಎಂದು ಕೇಳುತ್ತಿದ್ದರಂತೆ. ರಜೆ ಮುಗಿಸಿ ಬಂದ ಮೇಲೆ ನೋಡಿದರೆ ಆ ಹುಡುಗರು ನಾನಿದ್ದಾಗಲೂ ಕೇಳದಷ್ಟು ಪ್ರಶ್ನೆಗಳನ್ನು ಕೇಳುತ್ತಿದ್ದರು. ಅವರ ಆ ಉಪಕಾರಕ್ಕೆ ನಾನು ಕೃತಜ್ಞತೆ ಹೇಳಿದ್ದು ಈ ಲೇಖನದಲ್ಲೇ ಮೊದಲೇನೋ.

ಕೊರೊನಾ ಬಂದು ಪಾಠಗಳೆಲ್ಲ ಕಂಪ್ಯೂಟರಿಗೆ ಸರಿದ ವರ್ಷ, ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ ಸೋಮಶೇಖರ್ ಅವರ ಹೆಗಲಿಗೆ ಬಿತ್ತು. ಅವರು ಅದನ್ನು ಬಯಸಿದವರಲ್ಲ. ಕಂಪ್ಯೂಟರ್ ಕಲಿಸುತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದರು, ಭೌತಶಾಸ್ತ್ರದವರಿಗೆ ವೈರುಗಳ ಪರಿಚಯವಿರುತ್ತದೆ ಎಂಬುದು ಪ್ರಾಂಶುಪಾಲರಾದ ಲಿಂಗಯ್ಯನವರ ಲೆಕ್ಕಾಚಾರವಾಗಿತ್ತು. ಆಗ ಕಾಲೇಜಿಗೆ ಇದ್ದದ್ದು ಒಂದೇ ಇಂಟರ್ನೆಟ್ ಲೈನು. ಅದು ದಿನಕ್ಕೊಮ್ಮೆ ಮಲಗುತ್ತಿತ್ತು. ಆದ್ದರಿಂದ ಊರಿನಲ್ಲಿ ಕೇಬಲ್ ಟಿ.ವಿ. ನಡೆಸುವ ಮಾದೇವನವರಿಂದ ಇನ್ನೊಂದು ಲೈನನ್ನು ಎಳೆಸಲಾಯಿತು. ಎರಡೂ ಲೈನುಗಳು ಬಂದು ಸೇರುವುದು ಗೇಟ್‌ವೇ ಎಂಬ ಒಂದು ಚಿಕ್ಕ ಪೆಟ್ಟಿಗೆಗೆ. ಕಾಲೇಜಿನ ಕಂಪ್ಯೂಟರುಗಳಿಂದ ಹೊರಗೆ ಹೋಗುವುದೆಲ್ಲವೂ ಅದನ್ನು ಹಾದೇ ಹೋಗಬೇಕು, ಒಳಗೆ ಬರುವುದೂ ಅದನ್ನು ಹಾದೇ ಬರಬೇಕು. ಮೈಸೂರಿನಿಂದ ಬಂದ ಒಬ್ಬ ತಂತ್ರಜ್ಞರು ಅದನ್ನು ಗೋಡೆಗೆ ಕೂರಿಸಿ, ಅರ್ಧ ಕೆಲಸ ಈ ಲೈನು ಮಾಡುತ್ತದೆ, ಅರ್ಧ ಆ ಲೈನು ಮಾಡುತ್ತದೆ, ಇನ್ನು ತೊಂದರೆಯಿಲ್ಲ ಎಂದು ಹೇಳಿ, ಅದರ ಪಾಸ್‌ವರ್ಡನ್ನು ತಮ್ಮ ಬಳಿಯೇ ಇಟ್ಟುಕೊಂಡು ಹೊರಟುಹೋದರು.

ತೊಂದರೆ ಶುರುವಾದದ್ದೇ ಅಲ್ಲಿಂದ. ಸುದ್ದಿ ಓದಲು ಅಡ್ಡಿಯಿರಲಿಲ್ಲ, ವಿಡಿಯೊ ಹರಿಯುತ್ತಿತ್ತು. ಆದರೆ ಹೆಸರು, ಪಾಸ್‌ವರ್ಡು ಕೊಟ್ಟು ಒಳಗೆ ಹೋಗಬೇಕಾದ ಕೆಲವು ಸೈಟುಗಳು ನಮ್ಮನ್ನು ಒಳಗೆ ಬಿಟ್ಟಂತೆ ಮಾಡಿ ಮರುಗಳಿಗೆಯಲ್ಲೇ ಹೊರಗೆ ದಬ್ಬುತ್ತಿದ್ದವು. ವಿದ್ಯಾರ್ಥಿವೇತನದ ಕೆಲಸ ಮಾಡುವ ಗುಮಾಸ್ತರು ಮೂರು ಪುಟ ತುಂಬಿಸಿ ನಾಲ್ಕನೆಯದಕ್ಕೆ ಹೋದರೆ ಮತ್ತೆ ಮೊದಲಿನಿಂದ ಲಾಗಿನ್ ಆಗಿರೆಂಬ ಸೂಚನೆ ಬರುತ್ತಿತ್ತು. ಒಮ್ಮೊಮ್ಮೆ ಏನೂ ಆಗದೆ ಕೆಲಸ ಸುಸೂತ್ರವಾಗಿ ಮುಗಿಯುತ್ತಲೂ ಇತ್ತು, ಅದು ಇನ್ನೂ ಗೊಂದಲ. ಕೀಬೋರ್ಡು ಬದಲಾಯಿಸಿದೆವು. ಸರ್ವರ್ ಬ್ಯುಸಿ ಎಂದುಕೊಂಡೆವು. ಹುಡುಗರು ಪಾಸ್‌ವರ್ಡು ತಪ್ಪು ಹೊಡೆಯುತ್ತಾರೆಂದು ಗದರಿದೆವು. ಅಧ್ಯಾಪಕರ ಸಭೆಯಲ್ಲಿ ಒಬ್ಬೊಬ್ಬರೂ ಒಂದೊಂದು ಕಾರಣವನ್ನು ಖಚಿತವಾಗಿ ಹೇಳಿದರು. ಸೋಮಶೇಖರ್ ಅವರು ಮಾತ್ರ ಎದ್ದುನಿಂತು, “ನನಗೆ ಇದು ಅರ್ಥ ಆಗ್ತಿಲ್ಲ. ಅರ್ಥ ಆಗೋವರ್ಗೂ ಮಕ್ಕಳನ್ನ ಬಯ್ಯೋದು ಬೇಡ” ಎಂದು ಹೇಳಿ ಕುಳಿತರು. ಉಸ್ತುವಾರಿಯವರೇ ಹೀಗೆಂದರೆ ಹೇಗೆ ಎಂಬ ಪಿಸುಮಾತು ಅಂದು ಎದ್ದಿತು.

ಒಂದು ಬೇಸಿಗೆಯಲ್ಲಿ ಕುಡಿಯುವ ನೀರಿನ ಪೈಪಿಗಾಗಿ ರಸ್ತೆ ಅಗೆದಾಗ ಮಾದೇವನವರ ಕೇಬಲ್ಲು ತುಂಡಾಯಿತು. ಅದನ್ನು ಬೆಸೆಯಲು ಕೆಲವು ದಿನ ಹಿಡಿಯಿತು. ಆ ದಿನಗಳಲ್ಲಿ ಇಂಟರ್ನೆಟ್ಟು ನಿಧಾನವಾಯಿತೇ ಹೊರತು ಯಾರನ್ನೂ ಯಾವ ಸೈಟೂ ಹೊರಗೆ ದಬ್ಬಲಿಲ್ಲ. ಕೇಬಲ್ಲು ಕೂಡಿಕೊಂಡ ದಿನವೇ ಮತ್ತೆ ಹಳೆಯ ಗೋಳು. ಸೋಮಶೇಖರ್ ಅವರು ಸ್ಟಾಫ್ ರೂಮಿನಲ್ಲಿ ನನ್ನ ಎದುರು ಕುಳಿತು, “ಮೇಡಂ, ಒಂದೇ ಲೈನಿದ್ರೆ ಕೆಲಸ ಆಗುತ್ತೆ. ಎರಡಿದ್ರೆ ಕೆಡುತ್ತೆ. ಇದು ಹೆಂಗೆ?” ಎಂದರು.

“ನನ್ನ ಕೇಳ್ತೀರಲ್ಲ ಸರ್” ಎಂದೆ.

“ಯಾರನ್ನಾದ್ರೂ ಕೇಳ್ಬೇಕಲ್ಲ” ಎಂದರು.

ಮೈಸೂರಿನ ತಂತ್ರಜ್ಞರಿಗೆ ಫೋನು ಮಾಡಿದರೆ, ಎರಡು ಲೈನಿದ್ದ ಮೇಲೆ ಒಂದಕ್ಕಿಂತ ಚೆನ್ನಾಗಿಯೇ ಇರಬೇಕು ಎಂಬ ಉತ್ತರ ಬಂತು. ಮುಂದೆ ಅವರು ಫೋನು ಎತ್ತುವುದನ್ನೇ ಬಿಟ್ಟರು.

ಆ ವರ್ಷ ಪಿ.ಯು.ಸಿ. ಮುಗಿಸಿ ಪ್ರವೇಶ ಪರೀಕ್ಷೆ ಬರೆದಿದ್ದ ನಮ್ಮ ಮಕ್ಕಳು, ತಮಗೆ ಯಾವ ಕೋರ್ಸು, ಯಾವ ಕಾಲೇಜು ಬೇಕೆಂಬುದನ್ನು ಆನ್‌ಲೈನಿನಲ್ಲಿ ತುಂಬಿಸಬೇಕಿತ್ತು. ಅದರ ಕೊನೆಯ ದಿನದ ಹಿಂದಿನ ಸಂಜೆ ಗಾಳಿ ಬೀಸಿ ಸಾಲಿಗ್ರಾಮದ ಉದ್ದಕ್ಕೂ ಕರೆಂಟಿನ ಕಂಬಗಳು ಉರುಳಿದವು. ಬೆಳಿಗ್ಗೆ ಊರಿನ ಸೈಬರ್ ಅಂಗಡಿಗಳು ಮುಚ್ಚಿದ್ದವು. ಮೊಬೈಲಿನಲ್ಲಿ ಮೆಸೇಜು ಬರುವಷ್ಟು ಸಿಗ್ನಲ್ ಇತ್ತೇ ವಿನಾ ಇಂಟರ್ನೆಟ್ಟು ಇರಲಿಲ್ಲ. ಜನರೇಟರಿದ್ದದ್ದು ಕಾಲೇಜಿನಲ್ಲಿ ಮಾತ್ರ, ನಮ್ಮ ಎರಡೂ ಲೈನುಗಳು ಅವನ್ನು ಕೊಟ್ಟವರ ಬ್ಯಾಟರಿಗಳ ಬಲದಲ್ಲಿ ಜೀವಂತವಾಗಿದ್ದವು. ಸುತ್ತಿನ ಹಳ್ಳಿಗಳ ಮಕ್ಕಳೆಲ್ಲ ನಮ್ಮ ಲ್ಯಾಬಿಗೆ ಬಂದರು. ಭೇರ್ಯದ ಕಡೆಯಿಂದ ಸಿಂಧು ಎಂಬ ಹುಡುಗಿ ತಾಯಿ ಮಾಯಮ್ಮನೊಂದಿಗೆ ಬಂದಿದ್ದಳು. ರೂಪಶ್ರೀ ಎಂಬ ಇನ್ನೊಬ್ಬಳು ಒಬ್ಬಳೇ ಬಂದಿದ್ದಳು. ಅವಳದು ಮಾತು ಕಡಿಮೆ, ಅಂಕ ಹೆಚ್ಚು.

ಸಂಜೆಯವರೆಗೆ ಸಮಯವಿತ್ತು. ಮಕ್ಕಳು ಒಳಗೆ ಹೋಗುತ್ತಿದ್ದರು, ಹತ್ತಾರು ಆಯ್ಕೆಗಳನ್ನು ಜೋಡಿಸುತ್ತಿದ್ದರು, ಉಳಿಸಲು ಗುಂಡಿ ಒತ್ತುತ್ತಲೇ ಹೊರಗೆ ಬೀಳುತ್ತಿದ್ದರು. ಮತ್ತೆ ಒಳಗೆ ಹೋಗಬೇಕೆಂದರೆ ಮೊಬೈಲಿಗೆ ಓಟಿಪಿ ಬರಬೇಕು. ಅದು ಒಮ್ಮೆ ಬೇಗ, ಒಮ್ಮೆ ತಡ. ಮಧ್ಯಾಹ್ನದ ಹೊತ್ತಿಗೆ ಕೆಲವು ಹುಡುಗಿಯರು ಅಳುತ್ತಿದ್ದರು. ಮಾಯಮ್ಮ ತನ್ನ ಗುಂಡಿ ಫೋನನ್ನು ಕೈಯಲ್ಲಿ ಹಿಡಿದುಕೊಂಡು, “ಇನ್ನೂ ಬಂದಿಲ್ಲ ಕಣವ್ವ, ಬತ್ತದೆ ಇರು” ಎಂದು ಮಗಳಿಗೆ ಹೇಳುತ್ತಲೇ ಇದ್ದಳು.

ಅದೇ ಹೊತ್ತಿಗೆ ಪ್ರಾಂಶುಪಾಲರ ಕೊಠಡಿಯಲ್ಲಿ ಕಾಲೇಜಿನ ಮೌಲ್ಯಮಾಪನ ಸಮಿತಿಯೊಂದಿಗೆ ಆನ್‌ಲೈನ್ ಸಭೆ ನಡೆಯುತ್ತಿತ್ತು. ಲಿಂಗಯ್ಯನವರು ವರ್ಷವಿಡೀ ಅದಕ್ಕಾಗಿ ದುಡಿದಿದ್ದರು. ಕಾಲೇಜಿನ ಅನುದಾನವೂ ಹೆಸರೂ ಅದರ ಮೇಲೆ ನಿಂತಿದ್ದವು. ಸೋಮಶೇಖರ್ ಅವರು ಲ್ಯಾಬಿನ ಗದ್ದಲದ ನಡುವೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: “ಒಂದು ಲೈನು ಕಿತ್ರೆ ಮಕ್ಕಳದ್ದು ಆಗುತ್ತೆ ಅನ್ಸುತ್ತೆ. ಆದ್ರೆ ಆ ಮೀಟಿಂಗು ಯಾವ ಲೈನಲ್ಲಿ ಹೋಗ್ತಿದೆಯೋ ಗೊತ್ತಿಲ್ಲ. ಪೆಟ್ಟಿಗೆ ಒಳಗೆ ನೋಡಕ್ಕೆ ಪಾಸ್‌ವರ್ಡಿಲ್ಲ.”

“ಪ್ರಿನ್ಸಿಪಾಲರನ್ನ ಕೇಳಿ ಸರ್” ಎಂದೆ.

ಅವರು ಹೋದರು. ನಾನೂ ಹಿಂದೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಕ್ಯಾಮರಾದ ಎದುರು ಕುಳಿತಿದ್ದ ಲಿಂಗಯ್ಯನವರು ಮಾತು ನಿಲ್ಲಿಸದೆಯೇ ಅಂಗೈ ಎತ್ತಿ ತಡೆಯಿರೆಂದು ಸನ್ನೆ ಮಾಡಿದರು. ಸೋಮಶೇಖರ್ ಅವರು ನಿಂತರು. ಸ್ವಲ್ಪ ಹೊತ್ತಾದ ಮೇಲೆ ಒಂದು ಹೆಜ್ಜೆ ಒಳಗಿಟ್ಟರು. ಮತ್ತೆ ಅದೇ ಸನ್ನೆ. ಮತ್ತೆ ನಿಂತರು. ಹಿರಿಯರ ಮಾತಿಗೆ ಅಡ್ಡ ಬಂದು ಅಭ್ಯಾಸವಿಲ್ಲದ ಮನುಷ್ಯ. ಎಷ್ಟು ಹೊತ್ತು ನಿಂತರೆಂದು ನನಗೆ ಈಗ ಹೇಳಲಾಗದು. ಕಾರಿಡಾರಿನ ಬಿಸಿಲು ಗೋಡೆಯ ಬುಡದಿಂದ ಮೇಲಕ್ಕೆ ಏರಿದ್ದು ನೆನಪಿದೆ. ಕೊನೆಗೆ ಅವರು ತಿರುಗಿ, ಲ್ಯಾಬಿನ ಪಕ್ಕದ ಕೋಣೆಗೆ ಹೋಗಿ ಮಾದೇವನವರ ಕೇಬಲ್ಲನ್ನು ಪೆಟ್ಟಿಗೆಯಿಂದ ಕಿತ್ತರು.

ಲ್ಯಾಬಿನಲ್ಲಿ ಎಲ್ಲರೂ ಒಮ್ಮೆ ಹೊರಗೆ ಬಿದ್ದರು. “ಇನ್ನೊಂದ್ಸಲ ಲಾಗಿನ್ ಆಗ್ರಮ್ಮ” ಎಂದರು ಸೋಮಶೇಖರ್. ಮಕ್ಕಳು ಮತ್ತೆ ಒಳಗೆ ಹೋದರು. ಈ ಸಲ ಯಾರೂ ಹೊರಗೆ ಬೀಳಲಿಲ್ಲ. ಪುಟಗಳು ಆಮೆಯಂತೆ ತೆವಳಿದವು, ಆದರೆ ತೆವಳುತ್ತಲೇ ಮುಂದಕ್ಕೆ ಹೋದವು. ಸಿಂಧುವಿನ ಪರದೆಯ ಮೇಲೆ ಆಯ್ಕೆಗಳು ಉಳಿದಿವೆ ಎಂಬ ಸಾಲು ಮೂಡಿದಾಗ ಮಾಯಮ್ಮ, “ಆಯ್ತಾ? ಆಯ್ತೇನವ್ವ?” ಎಂದು ಕೇಳಿ, ಅಲ್ಲಿಯವರೆಗೆ ಹಿಡಿದಿದ್ದ ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಬ್ಬೊಬ್ಬರದೇ ಮುಗಿಯಿತು. ರೂಪಶ್ರೀಯದು ಮುಗಿಯಲಿಲ್ಲ. ಅವಳ ಓಟಿಪಿ ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಸಮಯ ಮುಗಿದಿತ್ತು.

ಪ್ರಾಂಶುಪಾಲರ ಸಭೆ ಹೋಗುತ್ತಿದ್ದದ್ದು ಮಾದೇವನವರ ಲೈನಿನಲ್ಲೇ. ಸಭೆ ತುಂಡಾಯಿತು. ಮತ್ತೆ ಸೇರಿಕೊಂಡರೂ, ಉಳಿದ ಒಂದೇ ಲೈನನ್ನು ಮಕ್ಕಳೆಲ್ಲ ಹಂಚಿಕೊಂಡಿದ್ದರಿಂದ ಲಿಂಗಯ್ಯನವರ ಮುಖ ಆ ಕಡೆಯವರಿಗೆ ಕಾಣಿಸಲಿಲ್ಲ, ಮಾತು ಕೇಳಿಸಲಿಲ್ಲ. ಅವರು ಕಾರಿಡಾರಿಗೆ ಬಂದರು.

“ಯಾರ್ರೀ ಅದು ಲೈನು ತೆಗೆದಿದ್ದು?”

“ನಾನೇ ಸರ್.”

“ನನ್ನನ್ನ ಒಂದು ಮಾತು ಕೇಳಬಾರದಾ?”

“ಬಾಗಿಲಿಗೆ ಬಂದಿದ್ದೆ ಸರ್. ಮಕ್ಕಳಿಗೆ ಟೈಮಾಗೋಗ್ತಿತ್ತು.”

“ಕಾಲೇಜು ಇದ್ರಲ್ವೇನ್ರೀ ಮಕ್ಕಳು ಬರೋದು” ಎಂದರು ಲಿಂಗಯ್ಯ. ಧ್ವನಿ ಏರಿಸಲಿಲ್ಲ. ಅವರ ಕಣ್ಣಲ್ಲಿ ಕೋಪಕ್ಕಿಂತ ದಣಿವು ಹೆಚ್ಚಾಗಿತ್ತು. ಅವರ ಮಾತಿನಲ್ಲೂ ಸುಳ್ಳಿರಲಿಲ್ಲ.

ಕೆಲವು ತಿಂಗಳ ನಂತರ ಸಮಿತಿಯ ಫಲಿತಾಂಶ ಬಂದಾಗ ನಮ್ಮ ಕಾಲೇಜು ಎಣಿಸಿದ್ದಕ್ಕಿಂತ ಒಂದು ದರ್ಜೆ ಕೆಳಗಿತ್ತು. ಅದಕ್ಕೆ ಆ ದಿನವೇ ಕಾರಣವೋ, ನಮ್ಮ ಗ್ರಂಥಾಲಯದ ಸೋರುವ ಛಾವಣಿ ಕಾರಣವೋ, ಇಂದಿಗೂ ಯಾರಿಗೂ ತಿಳಿಯದು. ಸೋಮಶೇಖರ್ ಅವರಿಂದ ಲ್ಯಾಬಿನ ಉಸ್ತುವಾರಿಯನ್ನು ಹಿಂದಕ್ಕೆ ಪಡೆಯಲಾಯಿತು. ಅವರಿಗೆ ಬರಬೇಕಿದ್ದ ಉಪಪ್ರಾಂಶುಪಾಲರ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಅವರು ಎದುರಾಡಲಿಲ್ಲ. ಆದರೆ ಆ ಪ್ರಕರಣದ ಮರುದಿನ ಅವರು ಮಾಡಿದ ಒಂದು ಕೆಲಸವನ್ನು ಇಲ್ಲಿ ಬರೆಯಲೇಬೇಕು. ತಾವೇ ಬಸ್ಸು ಹತ್ತಿ ರೂಪಶ್ರೀಯ ಊರಿಗೆ ಹೋದರು. ಹೆಣ್ಣುಮಗಳ ಮನೆಗೆ ಒಬ್ಬರೇ ಹೋಗುವುದು ಸರಿಕಾಣದೆಂದು ನನ್ನನ್ನೂ ಕರೆದೊಯ್ದಿದ್ದರು. ಜಗಲಿಯ ಮೇಲೆ ಕುಳಿತು ಅವಳಿಗೆ ಹೇಳಿದರು: “ಆ ಬಾಗಿಲ ಹತ್ರ ನಾನು ಸುಮ್ನೆ ನಿಂತ್ಬಿಟ್ಟಿದ್ದೆ ಕಣಮ್ಮ. ನಿಲ್ಲದೆ ಬಂದಿದ್ರೆ ನಿಂದೂ ಆಗ್ತಿತ್ತೋ ಏನೋ. ಆಗ್ತಿತ್ತು ಅಂತ ಹೇಳಕ್ಕಾಗಲ್ಲ. ಆಗ್ತಿರ್ಲಿಲ್ಲ ಅಂತ್ಲೂ ಹೇಳಕ್ಕಾಗಲ್ಲ.”

ರೂಪಶ್ರೀಯ ತಾಯಿ ಮಜ್ಜಿಗೆ ತಂದುಕೊಟ್ಟರು. ಕುಡಿದು ಬಂದೆವು. ಸೀಟು ಹಂಚಿಕೆಯ ಮುಂದಿನ ಸುತ್ತುಗಳಲ್ಲಿ ಅವಳು ಬಯಸಿದ ಪಶುವೈದ್ಯಕೀಯ ಸೀಟು ಉಳಿದಿರಲಿಲ್ಲ. ಸುತ್ತುಗಳೆಲ್ಲ ಮುಗಿದ ಮೇಲೆ ಅವಳು ನಮ್ಮಲ್ಲೇ ಬಿ.ಎಸ್ಸಿ.ಗೆ ಸೇರಿದಳು, ಭೌತಶಾಸ್ತ್ರ ತೆಗೆದುಕೊಂಡಳು.

ಸಿಂಧುವಿಗೆ ಕೃಷಿ ಪದವಿಯ ಸೀಟು ಸಿಕ್ಕಿತು. ಅದನ್ನು ಹೇಳಲು ಮಾಯಮ್ಮ ಬಾಳೆಗೊನೆ ಹೊತ್ತು ಕಾಲೇಜಿಗೆ ಬಂದಳು. ಅಷ್ಟರಲ್ಲಿ ಸೋಮಶೇಖರ್ ಅವರು ಪುಸ್ತಕಗಳನ್ನು ತರಿಸಿಕೊಂಡು, ವಿಡಿಯೊಗಳನ್ನು ನೋಡಿ, ಮನೆಯಲ್ಲೇ ಹಳೆಯದೊಂದು ಗೇಟ್‌ವೇ ಪೆಟ್ಟಿಗೆ ಇಟ್ಟುಕೊಂಡು ರೋಗದ ಮೂಲವನ್ನು ಒಂದಿಷ್ಟು ಹಿಡಿದಿದ್ದರು. ಒಂದೊಂದು ಲೈನಿಗೂ ಹೊರಜಗತ್ತಿನಲ್ಲಿ ಒಂದೊಂದು ವಿಳಾಸ. ಒಂದೇ ಹುಡುಗಿಯ ಒಂದು ಕೋರಿಕೆ ಈ ಲೈನಿನಿಂದಲೂ ಮರುಕೋರಿಕೆ ಆ ಲೈನಿನಿಂದಲೂ ಹೋದರೆ, ಆ ಕಡೆಯ ಸೈಟು ಇವಳು ಬೇರೆ ಯಾರೋ ಎಂದು ಶಂಕಿಸಿ ಹೊರಗೆ ಹಾಕುತ್ತದೆ. ಇಷ್ಟನ್ನು ಅವರು ಮಾಯಮ್ಮನಿಗೆ ವಿವರಿಸಲು ಹೊರಟರು.

“ನೀವು ಡೈರಿಗೆ ಹಾಲು ಹಾಕ್ತೀರಲ್ಲ. ಬೆಳಿಗ್ಗೆ ನೀವು ಹೋಗಿ, ಸಾಯಂಕಾಲ ಬೇರೆ ಯಾರೋ ನಿಮ್ಮ ಹೆಸರು ಹೇಳ್ಕೊಂಡು ಹೋದ್ರೆ ಡೈರಿಯವನು ಸುಮ್ನಿರ್ತಾನಾ?”

“ಊ ಸುಮ್ಕಿರ್ತಾನೆ ಬುಡಿ ಸಾ. ನಮ್ ನಂಬರ್ ಏಳ್ಬುಟ್ರೆ ಆಯ್ತು, ಯಾರ್ ತಕ್ಕೊಂಡೋದ್ರೂವೆ ಆಕುಸ್ಕತಾನೆ.”

ಸೋಮಶೇಖರ್ ಅವರು ಬಹಳ ಹೊತ್ತು ಯೋಚಿಸಿ, “ಅದೂ ನಿಜ” ಎಂದರು. ನನಗೆ ಒಂದಿಷ್ಟು ತಿಳಿದಂತಿದ್ದದ್ದೂ ಅಲ್ಲಿಗೆ ಕಲಸಿಹೋಯಿತು.

ಇತ್ತ ಕಾಲೇಜಿನಲ್ಲಿ ಲೈನು ಕೀಳುವ ವಿದ್ಯೆ ಎಲ್ಲರಿಗೂ ಬಂದಿತ್ತು. ಕಚೇರಿಯವರಿಗೆ ಲಾಗಿನ್ ಆಗಬೇಕಾದಾಗ ಅವರು ಒಂದನ್ನು ಕೀಳುವರು, ಲ್ಯಾಬಿನವರು ಅದನ್ನು ಹಾಕಿ ಇನ್ನೊಂದನ್ನು ಕೀಳುವರು, ಕೆಲವೊಮ್ಮೆ ಎರಡೂ ಕೈಯಲ್ಲೇ ಉಳಿಯುತ್ತಿದ್ದವು. ಮತ್ತೆ ಪ್ರವೇಶದ ಕಾಲ ಬಂತು. ಒಂದು ಮಧ್ಯಾಹ್ನ ಲಿಂಗಯ್ಯನವರು ತಾವೇ ಸ್ಟಾಫ್ ರೂಮಿಗೆ ಬಂದು ಸೋಮಶೇಖರ್ ಅವರ ಪಕ್ಕದ ಕುರ್ಚಿ ಎಳೆದುಕೊಂಡರು. “ಸೋಮಶೇಖರ್ ಅವ್ರೇ, ಈ ವರ್ಷ ಏನು ಮಾಡಾಣ?” ಎಂದರು. ಕಳೆದ ವರ್ಷದ ಮಾತನ್ನು ಅವರು ಎತ್ತಲಿಲ್ಲ. ಇವರೂ ಎತ್ತಲಿಲ್ಲ.

“ಪಾಸ್‌ವರ್ಡು ತರ್ಸಿಕೊಡಿ ಸರ್, ನೋಡ್ತೀನಿ. ಆಗುತ್ತೆ ಅಂತ ಮಾತು ಕೊಡಲ್ಲ.”

ಲಿಂಗಯ್ಯನವರು ಮೈಸೂರಿಗೆ ಖುದ್ದಾಗಿ ಹೋಗಿ ಅದನ್ನು ತಂದರು. ಲ್ಯಾಬಿನ ಕಂಪ್ಯೂಟರುಗಳೆಲ್ಲ ಹಳೆಯ ಲೈನಿನಲ್ಲೇ ಹೋಗಬೇಕು, ಕಚೇರಿಯವೆಲ್ಲ ಮಾದೇವನವರ ಲೈನಿನಲ್ಲೇ ಹೋಗಬೇಕು. ಒಂದು ಬಿದ್ದರೆ ಮಾತ್ರ ಅದರವರೆಲ್ಲ ಒಟ್ಟಿಗೆ ಇನ್ನೊಂದಕ್ಕೆ ದಾಟಬೇಕು ಎಂಬ ಕಟ್ಟಳೆಯನ್ನು ಸೋಮಶೇಖರ್ ಅವರು ಆ ಪೆಟ್ಟಿಗೆಯಲ್ಲಿ ಬರೆದರು. ಹೊರಗೆ ಬೀಳುವ ಗೋಳು ನಿಂತಿತು. ನಾವು ಸಿಹಿ ಹಂಚಿದೆವು. ಮರುದಿನವೇ ಹೊಸ ತಕರಾರು ಬಂತು: ಮಕ್ಕಳು ಮನೆಯಿಂದ ನೋಡುತ್ತಿದ್ದ ನಮ್ಮ ಗ್ರಂಥಾಲಯದ ಪುಸ್ತಕಗಳ ಪಟ್ಟಿ ಯಾರಿಗೂ ತೆರೆಯುತ್ತಿಲ್ಲ. ಒಳಗಿದ್ದವರಿಗೆ ಕಾಣುತ್ತದೆ, ಹೊರಗಿನವರಿಗೆ ಕಾಣುವುದಿಲ್ಲ. ಅವರು ಮತ್ತೆ ತಲೆಗೆ ಕೈ ಹಚ್ಚಿ ಕುಳಿತರು. ಹಲವು ದಿನಗಳ ಮೇಲೆ ತಿಳಿದದ್ದಿಷ್ಟು: ಮನೆಯಿಂದ ಕೇಳುವವರ ಪ್ರಶ್ನೆ ಮಾದೇವನವರ ಲೈನಿನಲ್ಲಿ ಒಳಗೆ ಬರುತ್ತಿತ್ತು; ಗ್ರಂಥಾಲಯದ ಕಂಪ್ಯೂಟರು ಲ್ಯಾಬಿನ ಸಾಲಿಗೆ ಸೇರಿದ್ದರಿಂದ ಅದರ ಉತ್ತರ ಹಳೆಯ ಲೈನಿನಲ್ಲಿ ಹೊರಗೆ ಹೋಗುತ್ತಿತ್ತು; ಎಲ್ಲಿಂದಲೋ ಬಂದ ಆ ಉತ್ತರವನ್ನು ದಾರಿಯಲ್ಲೇ ಎಸೆಯಲಾಗುತ್ತಿತ್ತು. ಪ್ರಶ್ನೆ ಬಂದ ಲೈನಿನಲ್ಲೇ ಅದರ ಉತ್ತರವೂ ಹೋಗಬೇಕೆಂದು ಇನ್ನೊಂದು ಕಟ್ಟಳೆ ಸೇರಿಸಿದ ಮೇಲೆ ಪಟ್ಟಿ ತೆರೆಯಿತು. ಇದನ್ನು ನಾನು ಅವರಿಂದ ಹೇಳಿಸಿಕೊಂಡು ಬರೆದಿದ್ದೇನೆ. ತಪ್ಪಿದ್ದರೆ ಅದು ನನ್ನದು.

ಆ ವರ್ಷ, ಅದರ ಮುಂದಿನ ವರ್ಷಗಳಲ್ಲಿ, ನಮ್ಮ ಲ್ಯಾಬಿಗೆ ಬಂದ ಮಕ್ಕಳಲ್ಲಿ ಆಯ್ಕೆ ತುಂಬಿಸಲಾಗದೆ ಹಿಂದಿರುಗಿದವರಿಲ್ಲ. ಕೆ.ಆರ್. ನಗರದ ಕಡೆಯಿಂದಲೂ ಕೆಲವರು ಬರತೊಡಗಿದರು. ಉಸ್ತುವಾರಿಯನ್ನು ಲಿಂಗಯ್ಯನವರು ಮತ್ತೆ ಅವರಿಗೇ ಕೊಟ್ಟರು. ಉಪಪ್ರಾಂಶುಪಾಲರ ಹುದ್ದೆ ಮಾತ್ರ ಬರಲಿಲ್ಲ. ಅದರ ಬಗ್ಗೆ ಅವರಿಗೆ ನೋವಿತ್ತೇ ಎಂದು ನಾನು ಒಮ್ಮೆ ಕೇಳಿದಾಗ, “ಇತ್ತು ಮೇಡಂ. ಇಲ್ಲ ಅಂದ್ರೆ ನಾಟಕ ಆಗುತ್ತೆ” ಎಂದರು.

ಕಳೆದ ತಿಂಗಳು ನಡೆದ ಅವರ ಬೀಳ್ಕೊಡುಗೆ ಸಮಾರಂಭದಲ್ಲಿ, ಮೊದಲೇ ನಿವೃತ್ತರಾಗಿದ್ದ ಲಿಂಗಯ್ಯನವರೂ ಸೇರಿದಂತೆ ಹಲವರು ಮಾತನಾಡಿದರು. ಎಲ್ಲರ ಮಾತಿನಲ್ಲೂ ಹೊಗಳಿಕೆಯಿತ್ತು. ಈಗ ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿರುವ ರೂಪಶ್ರೀಯೂ ಬಂದಿದ್ದಳು. ಅವಳನ್ನು ವೇದಿಕೆಗೆ ಕರೆದಾಗ, ಆ ಸೀಟು ತಪ್ಪಿದ್ದೇ ಒಳ್ಳೆಯದಾಯಿತು ಎಂಬರ್ಥದ ಮಾತನ್ನು ಅವಳು ಆಡುವಳೆಂದು ನಾವೆಲ್ಲ ನಿರೀಕ್ಷಿಸಿದ್ದೆವು. ಅಂಥ ಸಂದರ್ಭಕ್ಕೆ ಒಪ್ಪುವುದು ಅದೇ ತಾನೆ. ಅವಳು ಮೈಕು ಹಿಡಿದು ಸೋಮಶೇಖರ್ ಅವರ ಕಡೆಗೆ ತಿರುಗಿದಳು.

“ಆ ಸೀಟು ಸಿಕ್ಕಿದ್ರೆ ಚೆನ್ನಾಗಿರ್ತಿತ್ತು ಸರ್” ಎಂದಳು. “ನನಗೆ ಈಗ್ಲೂ ಬೇಜಾರಿದೆ. ಅವತ್ತು ಎಲ್ರೂ ಸರ್ವರ್ ಸರಿಯಿಲ್ಲ, ಗಾಳಿ ಬಂತು, ನಿನ್ನ ಹಣೆಬರಹ ಅಂದ್ರು. ನಮ್ಮನೆ ಜಗಲಿ ಮೇಲೆ ಕೂತು, ನಾನು ನಿಂತ್ಬಿಟ್ಟೆ ಅಂತ ಹೇಳಿದ್ದು ನೀವೊಬ್ರೇ. ಅದಕ್ಕೇ ನಿಮ್ಮ ಕ್ಲಾಸಿಗೆ ಬಂದು ಸೇರಿದೆ.”

ಅಷ್ಟು ಹೇಳಿ ಕೆಳಗಿಳಿದಳು. ಚಪ್ಪಾಳೆ ತಟ್ಟಬೇಕೋ ಬೇಡವೋ ಎಂದು ಸಭೆಗೆ ತಿಳಿಯಲಿಲ್ಲ. ಸೋಮಶೇಖರ್ ಅವರು ಕೊರಳಿನಲ್ಲಿದ್ದ ಹಾರವನ್ನು ತೆಗೆದು ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ, ಅದರ ಹೂಗಳನ್ನು ಬೆರಳಿನಿಂದ ಸವರುತ್ತ ಕುಳಿತಿದ್ದರು. ಅವರು ಮಾತನಾಡುವ ಸರದಿ ಬಂದಾಗ ಎದ್ದುನಿಂತು, ಬರೆದುಕೊಂಡು ತಂದದ್ದನ್ನು ಜೇಬಿನಿಂದ ತೆಗೆಯದೆ, “ಇವತ್ತು ನನಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ” ಎಂದು ಕೈಮುಗಿದು ಕುಳಿತುಬಿಟ್ಟರು. ನಾನು ಕೇಳಿದ ಬೀಳ್ಕೊಡುಗೆ ಭಾಷಣಗಳಲ್ಲೆಲ್ಲ ಅತಿ ಚಿಕ್ಕದು ಅದು.

ನಿವೃತ್ತಿಯ ನಂತರ ಭೇರ್ಯದ ಗ್ರಂಥಾಲಯದವರು ತಮ್ಮಲ್ಲೂ ಎರಡನೆಯ ಲೈನು ಹಾಕಿಸಿಕೊಂಡು ಅವರನ್ನು ಕರೆದಿದ್ದಾರೆ. ವಾರಕ್ಕೊಮ್ಮೆ ಬರುವುದಾಗಿ ಅವರು ಒಪ್ಪಿದ್ದಾರೆ. ರಜೆಯಲ್ಲಿ ಊರಿಗೆ ಬಂದಾಗ ರೂಪಶ್ರೀಯೂ ಜೊತೆಗೆ ಹೋಗುತ್ತಾಳಂತೆ. ಶ್ರೀ ಸೋಮಶೇಖರ್ ಅವರಿಗೂ ಅವರ ಕುಟುಂಬಕ್ಕೂ ಭಗವಂತನು ಪೂರ್ಣ ಆಯುಸ್ಸನ್ನೂ ನೆಮ್ಮದಿಯನ್ನೂ ಅನುಗ್ರಹಿಸಲಿ. ಆ ಗ್ರಂಥಾಲಯದ ಬೆಂಚಿನ ಮೇಲೆ ಗುರುಶಿಷ್ಯರಿಬ್ಬರೂ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು, ಇದು ಹೀಗೇಕೆ ಎಂದು ಒಬ್ಬರನ್ನೊಬ್ಬರು ಕೇಳುತ್ತ ಇನ್ನೂ ಬಹುಕಾಲ ಕೂರಲಿ.